ಹಸಿರು ಪದರಿಗೆ ಎಷ್ಟು ವೋಲ್ಟು?

ನಮ್ಮ ಕಡೆಯ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಲ್ಯಾಬಿನ ನೆಲ ಯಾವ ಗುಟ್ಟನ್ನೂ ಮುಚ್ಚಿಡುವುದಿಲ್ಲ. ಹಾಸಿದ್ದು ಶಹಾಬಾದಿ ಫರ್ಸಿ, ಅಂದರೆ ಸುಣ್ಣದ ಕಲ್ಲು. ಆಮ್ಲದ ಒಂದು ಹನಿ ಬಿದ್ದರೂ ಸುರ್ರೆಂದು ನೊರೆ ಏಳುತ್ತದೆ, ಒರೆಸಿದ ಮೇಲೂ ಬಿಳಿಚಿದ ಕಲೆ ಉಳಿಯುತ್ತದೆ. ಸೇಡಂ ಕಡೆಯ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಲ್ಯಾಬಿನ ಕಿಟಕಿ ಪಕ್ಕದ ಮೇಜಿನ ಕೆಳಗೆ ಬಿಳಿ ಕಲೆಗಳ ನಡುವೆ ಒಂದಷ್ಟು ನೀಲಿ ಕಲೆಗಳೂ ಇವೆ. ಬೀಕರಿನಲ್ಲಿದ್ದಾಗ ಅವು ನೀಲಿಯಾಗಿರಲಿಲ್ಲ, ಕಡು ಹಸಿರಾಗಿದ್ದವು. ನೆಲಕ್ಕೆ ಬಿದ್ದ ಮೇಲೆ ಬಣ್ಣ ತಿರುಗಿತು. ಹೊಸ ಬ್ಯಾಚಿನವರು ಬಂದಾಗಲೆಲ್ಲ "ಇದ್ಯಾಕ್ರಿ ಸರ್, ನೀಲಿ ಅದ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಿ ಮುಗಿಸಲು ಒಂದು ಪಿರಿಯಡ್ ಸಾಲುವುದಿಲ್ಲ.

ಆ ವಸ್ತುವಿನ ಹೆಸರು ಪಾಲಿಅನಿಲೀನ್. ಅನಿಲೀನ್ ಎಂಬ ಎಣ್ಣೆಯಂಥ ದ್ರವದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಉದ್ದ ಸರಪಳಿ. ಪಾಲಿಮರ್ ಎಂದರೆ ನಮಗೆ ಗೊತ್ತಿರುವುದು ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ. ಕರೆಂಟು ಹೊಡೆಯಬಾರದೆಂದೇ ಅದನ್ನು ಹಾಕುವುದು. ಇದು ಅದಕ್ಕೆ ತದ್ವಿರುದ್ಧ, ಇದರೊಳಗೆ ಕರೆಂಟು ಹರಿಯುತ್ತದೆ. ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ. ಅದರಿಂದ ಅಲ್ಲಲ್ಲಿ ಎಲೆಕ್ಟ್ರಾನು ಕಿತ್ತರೆ ಖಾಲಿಯಾದ ಜಾಗ ಸರಪಳಿಯುದ್ದಕ್ಕೂ ಓಡಾಡಬಲ್ಲದು. ಎಲೆಕ್ಟ್ರಾನು ಹೋದಲ್ಲಿ ಧನ ವಿದ್ಯುದಂಶ ಉಳಿಯುತ್ತದೆ, ಅದನ್ನು ಸಮ ಮಾಡಲು ದ್ರಾವಣದಲ್ಲಿರುವ ಋಣ ಅಯಾನೊಂದು ಬಂದು ಪಕ್ಕದಲ್ಲಿ ಕೂರುತ್ತದೆ. ಪಾಲಿಪಿರೋಲ್ ಎಂಬ ಇದರ ಸೋದರ ವಸ್ತುವಿನಲ್ಲಿ ಸುಮಾರು ಮೂರು-ನಾಲ್ಕು ಉಂಗುರಗಳಿಗೆ ಒಂದರಂತೆ ಇಂಥ ಅಯಾನು ಇರುತ್ತದೆ. ಎಂದರೆ ಪದರದಲ್ಲಿ ಪಾಲಿಮರ್ ಒಂದೇ ಇಲ್ಲ, ಅದು ಬೆಳೆದ ದ್ರಾವಣದ ಒಂದು ಪಾಲೂ ಇದೆ. ಈ ಮಾತು ಮುಂದೆ ಬೇಕಾಗುತ್ತದೆ.

ಇಂಥ ಪದರವನ್ನು ವಿದ್ಯುತ್ತಿನಿಂದ ಮೊದಲು ಬೆಳೆಸಿದವನು ಲಂಡನ್ನಿನ ಹೆನ್ರಿ ಲೆಥೆಬಿ, 1862ರಲ್ಲಿ. ಅನಿಲೀನ್ ಬೆರೆಸಿದ ಗಂಧಕಾಮ್ಲದಲ್ಲಿ ಪ್ಲಾಟಿನಂ ಎಲೆಕ್ಟ್ರೋಡ್ ಮುಳುಗಿಸಿ ಬ್ಯಾಟರಿ ಜೋಡಿಸಿದ. ಧನ ತುದಿಯ ಮೇಲೆ ಕಡು ಹಸಿರು ವಸ್ತು ಕೂತಿತು. ಅದು ಕರೆಂಟು ಹರಿಸುತ್ತದೆಯೇ ಎಂದು ನೋಡುವ ಕಾರಣ ಆಗ ಯಾರಿಗೂ ಇರಲಿಲ್ಲ. ನೂರು ವರ್ಷ ದಾಟಿ 1977ರಲ್ಲಿ ಶಿರಕಾವ, ಮ್ಯಾಕ್‌ಡಯರ್ಮಿಡ್, ಹೀಗರ್ ಮೂವರೂ ಸೇರಿ ಪಾಲಿಅಸಿಟಲೀನಿಗೆ ಅಯೋಡೀನ್ ಆವಿ ತೋರಿಸಿ ಅದರ ವಾಹಕತೆಯನ್ನು ಎಷ್ಟೋ ಲಕ್ಷ ಪಟ್ಟು ಏರಿಸಿದ್ದು, 2000ದಲ್ಲಿ ಅವರಿಗೆ ನೊಬೆಲ್ ಬಂದದ್ದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅದನ್ನು ಇಲ್ಲಿಗೆ ಬಿಡುತ್ತೇನೆ.

ನನಗೆ ಅದಕ್ಕಿಂತ ರುಚಿಸುವುದು ಪಾಲಿಪಿರೋಲಿನ ಎರಡು ಪ್ರಯೋಗಗಳ ಕಥೆ. 1968ರಲ್ಲಿ ಇಟಲಿಯ ದಾಲ್ಲೋಲಿಯೊ ಮತ್ತು ಜೊತೆಗಾರರು ನೀರು ಬೆರೆತ ಗಂಧಕಾಮ್ಲದಲ್ಲಿ ಪಿರೋಲ್ ಹಾಕಿ ಪ್ಲಾಟಿನಂ ಮೇಲೆ ಕಪ್ಪು ಪದರ ತೆಗೆದರು. ಮುಟ್ಟಿದರೆ ಉದುರುವಂಥದ್ದು, ವಾಹಕತೆ ಸೆಂಟಿಮೀಟರಿಗೆ 8 ಸೀಮೆನ್ಸ್. 1979ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಡಯಾಜ್ ಮತ್ತು ಸಂಗಡಿಗರು ಅದೇ ಪಿರೋಲನ್ನು ಅದೇ ಪ್ಲಾಟಿನಂ ಮೇಲೆ ಬೆಳೆಸಿದರು. ಆದರೆ ನೀರಿನ ಬದಲು ಅಸಿಟೋನೈಟ್ರೈಲ್ ಎಂಬ ದ್ರಾವಕ ತೆಗೆದುಕೊಂಡು, ಬೇರೆ ಲವಣ ಹಾಕಿದರು. ಈ ಸಲ ಬಂದದ್ದು ಎಲೆಕ್ಟ್ರೋಡಿನಿಂದ ಇಡಿಯಾಗಿ ಸುಲಿದು ತೆಗೆಯಬಹುದಾದ ಗಟ್ಟಿ ಹಾಳೆ, ವಾಹಕತೆ ನೂರರ ಹತ್ತಿರ. ತಾಮ್ರದ ಮುಂದೆ ಇದು ಏನೂ ಅಲ್ಲ ನಿಜ. ತಾಮ್ರದ್ದು ಆರು ಲಕ್ಷದ ಸಮೀಪ. ಆದರೆ ಇಟಲಿಯದು, ಐಬಿಎಂನದು ಎರಡೂ ಬಾಟಲಿಯ ಲೇಬಲ್ ಮೇಲೆ ಬರೆಯುವ ಹೆಸರು ಒಂದೇ, ಪಾಲಿಪಿರೋಲ್.

ನನ್ನ ತಂದೆ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕಿಲ್ನ್ ಕೆಲಸದಲ್ಲಿದ್ದವರು. "ಕಲ್ಲು ಎಲ್ಲಾ ಅದೇ ಖಣಿದು, ಮಾಲು ಕೆಡೋದು ಕಿಲ್ನಿನಾಗ" ಎನ್ನುತ್ತಿದ್ದರು. ಸುಣ್ಣದ ಕಲ್ಲು, ಮಣ್ಣು 1450 ಡಿಗ್ರಿಯ ಹತ್ತಿರ ಬೆಂದು, ಬೇಗ ತಣಿದರೆ ಒಳ್ಳೆಯ ಕ್ಲಿಂಕರ್. ಬೇಯುವುದು ಕಡಿಮೆಯಾದರೆ ಬಿಡಿ ಸುಣ್ಣ ಉಳಿಯುತ್ತದೆ, ತಣಿಯುವುದು ತಡವಾದರೆ ಗಟ್ಟಿತನ ಕೊಡುವ ಹರಳು ಒಡೆದು ಹೋಗುತ್ತದೆ. ವಾಹಕ ಪಾಲಿಮರಿನ ಸಂಗತಿಯೂ ಇದೇ ಜಾತಿಯದು, ಇನ್ನೂ ಸೂಕ್ಷ್ಮ. ಯಾವ ವೋಲ್ಟೇಜು, ಯಾವ ಆಮ್ಲ, ಎಷ್ಟು ತಂಪು, ಯಾವ ಲೋಹ ಎಂದು ಹೇಳದೆ ಬರೀ "ಪಾಲಿಅನಿಲೀನ್" ಎಂದರೆ ನನ್ನ ಮಟ್ಟಿಗೆ ಅರ್ಧ ಮಾತು ಆಡಿದ ಹಾಗೆ.

ವೋಲ್ಟೇಜಿನಿಂದಲೇ ಹಿಡಿಯೋಣ. ಚಿಂಚೋಳಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗ ಪವರ್ ಸಪ್ಲೈ ಗುಂಡಿ ತಿರುವುತ್ತ ಕೇಳಿದ್ದ: "ಸರ್, ವೋಲ್ಟ್ ಜಾಸ್ತಿ ಇಟ್ರ ಜಲ್ದಿ ಆಗ್ತದಲ್ರಿ?" "ಆಗ್ತದ ತಮ್ಮ, ಆದ್ರ ಏನಾಗ್ತದಂತ ನೋಡು" ಎಂದೆ. ನೋಡಲು ಒಂದು ಏರ್ಪಾಡು ಬೇಕು. ಬೀಕರಿನಲ್ಲಿ ಎರಡು ಎಲೆಕ್ಟ್ರೋಡ್ ಇಟ್ಟು ಒಂದು ವೋಲ್ಟ್ ಕೊಟ್ಟರೆ, ಆ ಒಂದು ವೋಲ್ಟಿನಲ್ಲಿ ಪದರ ಬೆಳೆಯುವ ತುದಿಗೆ ಸಿಕ್ಕಿದ್ದೆಷ್ಟು, ಎದುರಿನ ತುದಿ ತಿಂದದ್ದೆಷ್ಟು, ದ್ರಾವಣದಲ್ಲಿ ಸೋರಿದ್ದೆಷ್ಟು ಎಂದು ತಿಳಿಯುವುದಿಲ್ಲ. ಅದಕ್ಕೆ ಮೂರನೆಯದೊಂದನ್ನು ಇಡುತ್ತಾರೆ, ರೆಫರೆನ್ಸ್ ಎಲೆಕ್ಟ್ರೋಡ್. ಅದರ ಮೂಲಕ ಕರೆಂಟು ಹರಿಯುವುದಿಲ್ಲ, ಅಳತೆಗೆ ಮಾತ್ರ ಅದು. ಕ್ಯಾಲೊಮೆಲ್ ಎಲೆಕ್ಟ್ರೋಡ್ ಕೊಳ್ಳಬಹುದು. ಇಲ್ಲವೇ ಬೆಳ್ಳಿ ತಂತಿಯ ಮೇಲೆ ಸಿಲ್ವರ್ ಕ್ಲೋರೈಡ್ ಕೂರಿಸಿ, ಅದಕ್ಕೆ ತಕ್ಕ ಕ್ಲೋರೈಡ್ ದ್ರಾವಣದಲ್ಲಿ ಇಟ್ಟು ನಾವೇ ಮಾಡಿಕೊಳ್ಳಬಹುದು. ಪೊಟೆನ್ಷಿಯೊಸ್ಟಾಟ್ ಎಂಬ ಯಂತ್ರ ಈ ಮೂರನ್ನೂ ಹಿಡಿದು, ಪದರದ ತುದಿಯಲ್ಲಿ ನಾವು ಹೇಳಿದ ವೋಲ್ಟೇಜೇ ಇರುವಂತೆ ಕಾಯುತ್ತದೆ.

ಈಗ 1 ಮೋಲಾರ್ ಗಂಧಕಾಮ್ಲದಲ್ಲಿ 0.1 ಮೋಲಾರ್ ಅನಿಲೀನ್ ಹಾಕಿ, ಕ್ಯಾಲೊಮೆಲ್ ಲೆಕ್ಕದಲ್ಲಿ −0.2 ವೋಲ್ಟಿನಿಂದ 0.9ರವರೆಗೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ ಮಾಡೋಣ. ಮೊದಲ ಸುತ್ತಿನಲ್ಲಿ ಕೊನೆಯವರೆಗೂ ಏನೂ ಇಲ್ಲ, 0.8 ದಾಟಿದ ಮೇಲೆಯೇ ಅನಿಲೀನ್ ಎಲೆಕ್ಟ್ರಾನು ಬಿಟ್ಟುಕೊಡಲು ಶುರು ಮಾಡುತ್ತದೆ. ಒಮ್ಮೆ ತೆಳು ಪದರ ಕೂತಿತೋ, ಆಮೇಲಿನ ಬೆಳವಣಿಗೆಗೆ ಅಷ್ಟು ವೋಲ್ಟೇಜು ಬೇಡ. ಪದರವೇ ಹೊಸ ಅಣುಗಳನ್ನು ಸೇರಿಸಿಕೊಳ್ಳಲು ನೆರವಾಗುತ್ತದೆ. ಜಾಣರು ಇಲ್ಲಿ ಮೇಲಿನ ಮಿತಿಯನ್ನು 0.75ಕ್ಕೋ 0.8ಕ್ಕೋ ಇಳಿಸುತ್ತಾರೆ. ಇಳಿಸದೆ ಮೇಲೆಯೇ ಬಿಟ್ಟರೆ? ಗ್ರಾಫಿನಲ್ಲಿ 0.2ರ ಹತ್ತಿರ ಒಂದು ಏರು, 0.7–0.8ರ ಹತ್ತಿರ ಇನ್ನೊಂದು ಏರು, ಇವೆರಡು ಪಾಲಿಅನಿಲೀನಿನವೇ. ಇವುಗಳ ನಡುವೆ 0.5ರ ಆಸುಪಾಸಿನಲ್ಲಿ ಮೂರನೆಯ ಏರೊಂದು ಮೆಲ್ಲಗೆ ತಲೆ ಎತ್ತುತ್ತದೆ. ಸರಪಳಿಗಳು ನೀರಿನ ಹೊಡೆತಕ್ಕೆ ತುಂಡಾಗಿ ಕ್ವಿನೋನ್ ಮುಂತಾದ ಚೂರುಗಳಾಗುತ್ತಿವೆ ಎಂಬುದರ ಗುರುತು ಅದು. ಜಲ್ದಿ ಬೆಳೆಸಿದ ಪದರ ದಪ್ಪವಾಗಿ ಕಾಣುತ್ತದೆ, ಒಳಗೆ ಸವೆದಿರುತ್ತದೆ.

ಪಾರದರ್ಶಕ ವಾಹಕ ಗಾಜಿನ ಮೇಲೆ ಈ ಪ್ರಯೋಗ ಮಾಡಿದರೆ ಗ್ರಾಫ್ ನೋಡುವ ಅಗತ್ಯವೇ ಇಲ್ಲ. ಕೆಳಗಿನ ವೋಲ್ಟೇಜಿನಲ್ಲಿ ಪದರ ತಿಳಿ ಹಳದಿ, ಕರೆಂಟು ಹರಿಯದು. ಮೇಲೆ ಹೋದಂತೆ ಹಸಿರು, ಇದೊಂದೇ ಚೆನ್ನಾಗಿ ಹರಿಸುವ ರೂಪ. ಇನ್ನೂ ಮೇಲೆ ಹೋದರೆ ನೀಲಿ-ನೇರಳೆ, ಮತ್ತೆ ವಾಹಕತೆ ಬೀಳುತ್ತದೆ. ಶಹಾಬಾದಿನಿಂದ ಬರುವ ಹುಡುಗಿಯೊಬ್ಬಳು ಇದನ್ನು ಮೊದಲ ಸಲ ನೋಡಿ, "ಸರ್, ಹಸಿರು ಬಂದಾಗ ನಿಲ್ಲಸ್ರಿ" ಎಂದು ಕೂಗಿದ್ದಳು. ಬೆಳೆದಾದ ಮೇಲೆ ಯಾವ ವೋಲ್ಟೇಜಿನಲ್ಲಿ ನಿಲ್ಲಿಸಿ ಹೊರತೆಗೆಯುತ್ತೇವೆ ಎಂಬುದೂ ಒಂದು ಷರತ್ತೇ ಎಂದು ಪುಸ್ತಕಗಳು ಸಣ್ಣಕ್ಷರದಲ್ಲಿ ಹೇಳುತ್ತವೆ. ಆಕೆ ಅದನ್ನು ಕಣ್ಣಿನಿಂದಲೇ ಹಿಡಿದಳು.

ನೆಲದ ಮೇಲಿನ ನೀಲಿ ಮಾತ್ರ ಬೇರೆ. ಅದಕ್ಕೆ ವೋಲ್ಟೇಜಿನ ಸಂಬಂಧವಿಲ್ಲ. ಹಸಿರು ರೂಪ ನಿಂತಿರುವುದು ಆಮ್ಲದ ಬಲದ ಮೇಲೆ. ಸರಪಳಿಯ ನೈಟ್ರೋಜನ್‌ಗಳು ಪ್ರೋಟಾನು ಹಿಡಿದುಕೊಂಡಿದ್ದರೆ ಮಾತ್ರ ಅದು ಹಸಿರು, ಆಗ ಮಾತ್ರ ಅದು ವಾಹಕ. ಸುಣ್ಣದ ಕಲ್ಲು ಆ ಆಮ್ಲವನ್ನೆಲ್ಲ ಕುಡಿದುಬಿಡುತ್ತದೆ. ಪ್ರೋಟಾನು ಕಳೆದುಕೊಂಡ ಪಾಲಿಅನಿಲೀನ್ ನೀಲಿಯಾಗುತ್ತದೆ, ಕರೆಂಟು ನಿಲ್ಲುತ್ತದೆ. ಪಾಲಿಅನಿಲೀನನ್ನು ಆಮ್ಲದಲ್ಲೇ ಬೆಳೆಸಬೇಕು ಎನ್ನುವುದಕ್ಕೆ ನಮ್ಮ ಫರ್ಸಿಗಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆಮ್ಲ ಕಡಿಮೆಯಾದ ದ್ರಾವಣದಲ್ಲಿ ಬೆಳೆಸಿದರೆ ಸರಪಳಿ ಗಿಡ್ಡ, ಅಡ್ಡಾದಿಡ್ಡಿ ಜೋಡಣೆ, ಕರೆಂಟು ಹರಿಸದ ಪದರ. ಅದು ಎಲೆಕ್ಟ್ರೋಡನ್ನು ಮುಚ್ಚಿ ತನ್ನ ಬೆಳವಣಿಗೆಯನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಯಾವ ಆಮ್ಲ ಎಂಬುದಕ್ಕೂ ಬೆಲೆ ಇದೆ. ಗಂಧಕಾಮ್ಲದಲ್ಲಿ ಪದರ ಬೇಗ ಬೆಳೆಯುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾರುನಾರು, ಸಡಿಲ. ಪರ್‌ಕ್ಲೋರಿಕ್ ಆಮ್ಲದಲ್ಲಿ ನಿಧಾನ, ಒತ್ತೊತ್ತು. ಮೊದಲು ಹೇಳಿದ ಅಯಾನುಗಳ ಪಾತ್ರ ಇಲ್ಲಿದೆ: ಪದರದೊಳಗೆ ಬಂದು ಕೂರುವ ಅಯಾನಿನ ಗಾತ್ರ, ಸ್ವಭಾವ ಪದರದ ಮೈಕಟ್ಟನ್ನೇ ಬದಲಿಸುತ್ತದೆ. ಪಾಲಿಪಿರೋಲಿನಲ್ಲಿ ಇದು ಇನ್ನೂ ಸ್ಪಷ್ಟ. ಟಾಲ್ವೀನ್ ಸಲ್ಫೋನೇಟ್ ಎಂಬ ಚಪ್ಪಟೆ ಅಯಾನು ಇದ್ದರೆ ಗಟ್ಟಿಯಾದ, ಚೆನ್ನಾಗಿ ಕರೆಂಟು ಹರಿಸುವ ಹಾಳೆ. ಬಟ್ಟೆ ತೊಳೆಯುವ ಪುಡಿಯಲ್ಲಿರುವ ಡೋಡೆಸೈಲ್ ಬೆಂಜೀನ್ ಸಲ್ಫೋನೇಟ್ ಹಾಕಿದರೆ ಆ ಉದ್ದ ಬಾಲದ ಅಯಾನು ಒಳಗೆ ಸಿಕ್ಕಿಬಿದ್ದು ಹೊರಬರಲಾರದು. ಆಮೇಲೆ ವೋಲ್ಟೇಜು ಇಳಿಸಿದಾಗ ಅದು ಹೊರಹೋಗುವ ಬದಲು ಸೋಡಿಯಂನಂಥ ಧನ ಅಯಾನು ನೀರು ಹೊತ್ತು ಒಳಬರುತ್ತದೆ, ಪದರ ಉಬ್ಬುತ್ತದೆ. ವಿದ್ಯುತ್ತಿನಿಂದ ಬಾಗುವ ಕೃತಕ ಸ್ನಾಯುಗಳನ್ನು ಮಾಡಿದ್ದು ಈ ಉಬ್ಬುವ ಗುಣವನ್ನೇ ಹಿಡಿದು.

ನೀರಿನ ವಿಷಯ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿತ್ತಾಪುರ, ವಾಡಿ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪಕಳೆ ಕಟ್ಟುತ್ತದೆ. ಆ ನೀರಿಗೆ ಗಂಧಕಾಮ್ಲ ಸೇರಿಸಿದರೆ ಕ್ಯಾಲ್ಸಿಯಂ ಸಲ್ಫೇಟ್ ಮೋಡ ಕಟ್ಟುವ ಸಂಭವ. ಅದರಲ್ಲಿರುವ ಕ್ಲೋರೈಡ್ ನಮ್ಮ ಲೆಕ್ಕಕ್ಕೆ ಸಿಗದೆ ಪದರದೊಳಗೆ ನುಸುಳುತ್ತದೆ. ಬಟ್ಟಿ ಇಳಿಸಿದ ನೀರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಅನಿಲೀನನ್ನೂ ಬಟ್ಟಿ ಇಳಿಸಬೇಕು. ಬಾಟಲಿ ತೆರೆದು ಇಟ್ಟರೆ ಗಾಳಿಗೆ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಅನಿಲೀನ್ ವಿಷ, ಚರ್ಮದ ಮೂಲಕವೂ ರಕ್ತ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕೆಡಿಸುತ್ತದೆ. ಕೈಗವಸು, ತೆರೆದ ಕಿಟಕಿ, ಪಕ್ಕದಲ್ಲಿ ಮೇಷ್ಟ್ರು, ಈ ಮೂರೂ ಇಲ್ಲದೆ ಯಾವ ವಿದ್ಯಾರ್ಥಿಯೂ ಮುಟ್ಟಕೂಡದು.

ಬೇಸಿಗೆ ನಮ್ಮ ದೊಡ್ಡ ವೈರಿ. ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ 42–43 ಡಿಗ್ರಿ ಸಾಮಾನ್ಯ. ಪುಸ್ತಕದಲ್ಲಿ "ಕೋಣೆಯ ಉಷ್ಣತೆ" ಎಂದು ಬರೆದವರು ನಮ್ಮ ಕೋಣೆಗೆ ಬಂದವರಲ್ಲ. ಅವರ ಅರ್ಥ 25 ಡಿಗ್ರಿ. ತಂಪಿನಲ್ಲಿ ಸರಪಳಿ ಉದ್ದವಾಗಿ, ನೇರವಾಗಿ, ಅಡ್ಡ ಕವಲಿಲ್ಲದೆ ಬೆಳೆಯುತ್ತದೆ. ರಾಸಾಯನಿಕ ವಿಧಾನದಲ್ಲಂತೂ ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಇನ್ನೂ ಕೆಳಗೆ ಇಳಿಸಿ ಉದ್ದುದ್ದ ಸರಪಳಿಯ ಪಾಲಿಅನಿಲೀನ್ ಮಾಡಿದವರಿದ್ದಾರೆ. ಸೆಕೆಯಲ್ಲಿ ಬೆಳವಣಿಗೆ ಬೇಗ, ಜೊತೆಗೆ ಬೇಡದ ಪಕ್ಕದ ಕ್ರಿಯೆಗಳೂ ಬೇಗ. ಹಾಗಾಗಿ ಬೀಕರನ್ನು ಐಸ್ ತುಂಬಿದ ಬಕೇಟಿನಲ್ಲಿ ಇಡುತ್ತೇವೆ. ಐಸ್ ಎಲ್ಲಿಂದ? ಮೀನು ಮಾರುವವರಿಂದ. ಅದು ನಮ್ಮ ಬಜೆಟ್ಟಿನ ಅತ್ಯಂತ ವಿವಾದಾಸ್ಪದ ಬಾಬತ್ತು.

ನಡುವೆ ಕರೆಂಟು ಹೋಗುವುದೂ ಉಂಟು. ಯಂತ್ರ ಕೈಬಿಟ್ಟ ಕೂಡಲೇ ಪದರ ದ್ರಾವಣದಲ್ಲಿ ತನ್ನಷ್ಟಕ್ಕೆ ವೋಲ್ಟೇಜು ಇಳಿಸಿಕೊಳ್ಳುತ್ತದೆ. ಬಂದ ಮೇಲೆ ಮುಂದುವರಿಸಿದರೆ ಮೊದಲಿನದರ ಮೇಲೆ ಕೂರುವುದು ಮೊದಲಿನಂಥದೇ ಎಂಬ ಭರವಸೆ ನನಗಿಲ್ಲ. ಅಂಥದ್ದನ್ನು ಎಸೆದು ಹೊಸದಾಗಿ ಶುರು ಮಾಡಿಸುತ್ತೇನೆ.

ವೋಲ್ಟೇಜು ಎಷ್ಟೇ ಎಚ್ಚರದಿಂದ ಇಟ್ಟರೂ ತಪ್ಪಿಸಲಾಗದ ಇಕ್ಕಟ್ಟು ಕೆಲವು ವಸ್ತುಗಳಲ್ಲಿದೆ. ಥಯೋಫೀನ್ ಸರಪಳಿಯಾಗಲು ಸುಮಾರು 1.6 ವೋಲ್ಟ್ ಬೇಕು. ಆದರೆ ಆಗಲೇ ಬೆಳೆದ ಪಾಲಿಥಯೋಫೀನ್ ಅದಕ್ಕಿಂತ ಕೆಳಗೇ ಹಾಳಾಗಲು ಶುರುವಾಗುತ್ತದೆ. ಹುಟ್ಟಿಸುವ ವೋಲ್ಟೇಜೇ ಕೊಲ್ಲುತ್ತದೆ. 1989ರಲ್ಲಿ ಇದನ್ನು "ಪಾಲಿಥಯೋಫೀನ್ ವಿರೋಧಾಭಾಸ" ಎಂದೇ ಕರೆದರು. ದಾರಿ ಸಿಕ್ಕಿದ್ದು ದ್ರಾವಕದಲ್ಲಿ. 1995ರಲ್ಲಿ ಚೀನಾದ ಶಿ ಮತ್ತು ಸಂಗಡಿಗರು ಬೋರಾನ್ ಟ್ರೈಫ್ಲೋರೈಡ್ ಬೆರೆತ ಈಥರಿನಲ್ಲಿ ಥಯೋಫೀನ್ ಹಾಕಿದಾಗ ಅದು 1.3 ವೋಲ್ಟಿಗೇ ಒಪ್ಪಿತು. ಬಂದ ಪದರ ಅಲ್ಯೂಮಿನಿಯಂ ಹಾಳೆಗಿಂತ ಗಟ್ಟಿ ಎಂದು 'ಸೈನ್ಸ್' ಪತ್ರಿಕೆಯಲ್ಲಿ ವರದಿಯಾಯಿತು.

ದಪ್ಪದ ಲೆಕ್ಕ ಮಾತ್ರ ಬಹಳ ಚೆಂದ. ಪದರ ಬೆಳೆಯುವುದು ಎಲೆಕ್ಟ್ರಾನು ಎಣಿಸಿಯೇ. ಹರಿದ ವಿದ್ಯುದಂಶ ಗೊತ್ತಿದ್ದರೆ ದಪ್ಪ ಗೊತ್ತು. ಪಾಲಿಪಿರೋಲಿಗೆ ಒಂದು ಚದರ ಸೆಂ.ಮೀ. ಜಾಗದಲ್ಲಿ 24 ಮಿಲಿಕೂಲಂಬ್ ಹರಿದರೆ ಪದರ ಸುಮಾರು 0.1 ಮೈಕ್ರೋಮೀಟರ್. ಒಂದು ಮಿಲಿಆಂಪಿಯರ್ ಕರೆಂಟಿನಲ್ಲಿ ಇಪ್ಪತ್ತನಾಲ್ಕು ಸೆಕೆಂಡಿನ ಕೆಲಸ. ನಾಲ್ಕು ನಿಮಿಷಕ್ಕೆ ಒಂದು ಮೈಕ್ರೋಮೀಟರ್. ಹರಿದ ಕರೆಂಟೆಲ್ಲ ಪದರಕ್ಕೇ ಹೋಗಿದ್ದರೆ ಈ ಲೆಕ್ಕ. ಒಂದು ಪಾಲು ನೀರು ಒಡೆಯುವುದಕ್ಕೋ ಲೋಹ ಕರಗಿಸುವುದಕ್ಕೋ ಹೋದರೆ ಪದರ ಲೆಕ್ಕಕ್ಕಿಂತ ತೆಳು.

ಲೋಹ ಕರಗುವುದು ನಿಜವಾದ ತೊಂದರೆ. ಪ್ಲಾಟಿನಂ, ವಾಹಕ ಗಾಜು, ಪೆನ್ಸಿಲ್ ಸೀಸದ ಗ್ರಾಫೈಟ್ ಸುಮ್ಮನಿರುತ್ತವೆ. ಸಾಮಾನ್ಯ ಕಬ್ಬಿಣ ಗಂಧಕಾಮ್ಲದಲ್ಲಿ ಅನಿಲೀನಿಗಿಂತ ಮೊದಲೇ ತಾನು ಕರಗುತ್ತದೆ. ಆಕ್ಸಾಲಿಕ್ ಆಮ್ಲ ಬಳಸಿದರೆ ಕಬ್ಬಿಣದ ಮೇಲೆ ಮೊದಲು ಆಕ್ಸಲೇಟಿನ ತೆಳು ಪೊರೆ ಕಟ್ಟಿ ಕರಗುವುದನ್ನು ತಡೆಯುತ್ತದೆ, ಆಮೇಲೆ ಅದರ ಮೇಲೆ ಪಾಲಿಮರ್ ಕೂರುತ್ತದೆ. ತುಕ್ಕು ತಡೆಯುವ ಲೇಪನವಾಗಿ ಇದರ ಬಗ್ಗೆ ಆಸೆ ಹುಟ್ಟಿದ್ದು 1985ರಲ್ಲಿ, ಡೆಬೆರಿ ಎಂಬಾತ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಬೆಳೆಸಿದ ಪಾಲಿಅನಿಲೀನ್ ಆಮ್ಲದಲ್ಲೂ ಉಕ್ಕನ್ನು ಕಾಯುತ್ತದೆಂದು ತೋರಿಸಿದಾಗ.

ನಮ್ಮವರು ಏನು ಮಾಡಿದ್ದಾರೆ? ಗುಲ್ಬರ್ಗ ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ಸೈನ್ಸ್ ವಿಭಾಗದಲ್ಲಿ ಎಂ.ವಿ.ಎನ್. ಅಂಬಿಕಾ ಪ್ರಸಾದ್ ಮತ್ತು ಸಹೋದ್ಯೋಗಿಗಳು ಪಾಲಿಅನಿಲೀನಿನ ಮಿಶ್ರಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2003ರಲ್ಲಿ ಅವರ ತಂಡ 'ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್'ನಲ್ಲಿ ಬರೆದದ್ದು ಪಾಲಿಅನಿಲೀನ್ ಮತ್ತು ಹಾರುಬೂದಿ ಸೇರಿದ ವಸ್ತುವಿನ ಬಗ್ಗೆ. ಕಲ್ಲಿದ್ದಲು ಸುಟ್ಟ ಹಾರುಬೂದಿ ನಮ್ಮ ಭಾಗದಲ್ಲಿ ಸಿಮೆಂಟಿಗೆ ಬೆರೆಯುವುದು ಎಲ್ಲರಿಗೂ ಗೊತ್ತು. ವಾಹಕ ಪಾಲಿಮರಿಗೂ ಬೆರೆತಿದೆ ಎಂದರೆ ಮಕ್ಕಳು ನಗುತ್ತಾರೆ. ಆದರೆ ಅದು ವಿದ್ಯುತ್ತಿನ ವಿಧಾನವಲ್ಲ. ಅನಿಲೀನಿಗೆ ಉತ್ಕರ್ಷಕ ರಾಸಾಯನಿಕ ಸುರಿದು ಪುಡಿ ತೆಗೆದು ಬಿಲ್ಲೆ ಒತ್ತುವ ವಿಧಾನ. ಅಲ್ಲಿ ಎಲೆಕ್ಟ್ರಾನು ಕೀಳುವ ಬಲವನ್ನು ರಾಸಾಯನಿಕವೇ ನಿಗದಿ ಮಾಡುತ್ತದೆ. ಎಲೆಕ್ಟ್ರೋಡಿನಲ್ಲಾದರೆ ಅದು ನಮ್ಮ ಬೆರಳಿನ ಕೆಳಗಿನ ಗುಂಡಿ. ಪುಡಿ ಕಿಲೋಗಟ್ಟಲೆ ಬೇಕಾದಾಗ ಮೊದಲನೆಯದು ಸರಿ, ತೆಳು ಪದರ ಬೇಕಾದಾಗ ಎರಡನೆಯದು.

ಎರಡನೆಯ ದಾರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯ ಮತ್ತು ಕೆ. ರಾಜೇಂದ್ರ ಪ್ರಸಾದ್ ಮಾಡಿದ ಕೆಲಸ ನನಗೆ ಮೆಚ್ಚು. ಪ್ಲಾಟಿನಂ ದುಬಾರಿ ಎಂದು 2001ರಲ್ಲಿ ಅವರು ಬೇರೆ ಲೋಹಗಳ ಮೇಲೆ ವೋಲ್ಟೇಜು ಹತ್ತಿಸಿ ಇಳಿಸಿ ಪಾಲಿಅನಿಲೀನ್ ಬೆಳೆಸುವ ಬಗೆ ತೋರಿಸಿದರು. ಮರುವರ್ಷ ಅಗ್ಗದ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಬೆಳೆಸಿದ ಪದರದಿಂದ 450 ಫ್ಯಾರಡ್ ಸೂಪರ್‌ಕೆಪ್ಯಾಸಿಟರ್ ಮಾಡಿದರು. ಮನೆಯ ಸೀಲಿಂಗ್ ಫ್ಯಾನಿನ ಕೆಪ್ಯಾಸಿಟರ್ 2.5 ಮೈಕ್ರೋಫ್ಯಾರಡ್, ಅಂದರೆ ಫ್ಯಾರಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡೂವರೆ ಪಾಲು. ಫ್ಯಾನಿನದು ನೂರಾರು ವೋಲ್ಟ್ ತಾಳುತ್ತದೆ, ಇದು ಒಂದು ವೋಲ್ಟಿನ ಆಸುಪಾಸು. ಆ ಅಂತರವನ್ನು ಮರೆಯಬಾರದು. ಇಂಥ ಕೆಲಸಕ್ಕೆ ಗಟ್ಟಿಯಾದ ನುಣುಪು ಪದರ ಬೇಡ, ಅಯಾನುಗಳು ಒಳಹೊಕ್ಕು ಹೊರಬರುವ ನಾರುನಾರು ಸಡಿಲ ಪದರ ಬೇಕು. ತುಕ್ಕು ತಡೆಯುವವರಿಗೆ ಬೇಡವಾದದ್ದೇ ಕೆಪ್ಯಾಸಿಟರಿನವರಿಗೆ ಬೇಕು. ಹಾಗಾಗಿ "ಒಳ್ಳೆಯ ಪದರ ಯಾವುದ್ರಿ ಸರ್?" ಎಂದು ಕೇಳಿದವರಿಗೆ ನಾನು "ಯಾತಕ್ಕ ಬೇಕು, ಅದು ಹೇಳು ಮೊದಲ" ಎನ್ನುತ್ತೇನೆ.

ಈ ವರ್ಷ ಮಕ್ಕಳಿಗೆ ಬೇಕಾದದ್ದು ಅಮೋನಿಯಾ ಹಿಡಿಯುವ ಪದರ. ಅಮೋನಿಯಾ ಆವಿಯೂ ಫರ್ಸಿಯ ಕೆಲಸವನ್ನೇ ಮಾಡುತ್ತದೆ, ಪ್ರೋಟಾನು ಕಿತ್ತುಕೊಂಡು ಹಸಿರನ್ನು ನೀಲಿ ಮಾಡುತ್ತದೆ, ವಾಹಕತೆ ಇಳಿಯುವುದನ್ನು ಮಲ್ಟಿಮೀಟರಿನಲ್ಲಿ ಓದಬಹುದು. ಆವಿ ಒಳಗೆ ಇಳಿಯಬೇಕಾದ್ದರಿಂದ ದಪ್ಪ ಪದರ ಮೇಲೆ ಮಾತ್ರ ನೀಲಿಯಾಗಿ ಹೊಟ್ಟೆಯಲ್ಲಿ ಹಸಿರಾಗೇ ಉಳಿಯುತ್ತದೆ, ತೆಳು ಪದರ ಸರಕ್ಕನೆ ಬಣ್ಣ ಬಿಡುತ್ತದೆ. ಅದಕ್ಕೆ ಈಗ ಗಾಜಿನ ಪಟ್ಟಿಗಳ ಮೇಲೆ ಬೇರೆ ಬೇರೆ ಮಿಲಿಕೂಲಂಬಿನ ಪದರ ಬೆಳೆಸಿ, ಪ್ರತಿಯೊಂದರ ಹಿಂದೆ ಮಾರ್ಕರ್ ಪೆನ್ನಿನಿಂದ ಆಮ್ಲ, ವೋಲ್ಟೇಜಿನ ಮಿತಿ, ಬಕೇಟಿನ ಉಷ್ಣತೆ, ನಿಲ್ಲಿಸಿದ ವೋಲ್ಟೇಜು ಬರೆಸುತ್ತಿದ್ದೇನೆ. ಪಾಲಿಅನಿಲೀನ್ ಎಂಬ ಹೆಸರನ್ನು ಬರೆಯಲು ಪಟ್ಟಿಯ ಮೇಲೆ ಜಾಗ ಉಳಿದರೆ ಬರೆಯಲಿ, ಇಲ್ಲದಿದ್ದರೂ ನಡೆಯುತ್ತದೆ.